ದೇವರ ಮಾತು ಕೇಳುವುದು ಬಿಡುಗಡೆಯಾ, ಇನ್ನೊಂದು ಸೆರೆಯಾ?

ಓದುಗರ ಪ್ರಶ್ನೆ: ನನಗೆ 29 ವರ್ಷ. ವೈಟ್‌ಫೀಲ್ಡ್‌ನಲ್ಲಿ ಕೆಲಸ, ಹೊರಮಾವಿನಲ್ಲಿ ಪಿಜಿ. ಊರು ತುಮಕೂರು. ಚಿಕ್ಕಂದಿನಲ್ಲಿ ಕನ್ನಡ ಸಭೆ, ಸಂಡೇ ಸ್ಕೂಲ್, ಕ್ವಾಯರ್ ಎಲ್ಲಾ ಇತ್ತು. ಬೆಂಗಳೂರಿಗೆ ಬಂದ ಮೇಲೆ ನಾಲ್ಕು ವರ್ಷ ಚರ್ಚಿನ ಕಡೆ ತಲೆ ಹಾಕಲಿಲ್ಲ. ಕೇಳುವವರು ಯಾರೂ ಇಲ್ಲ, ನನ್ನಿಷ್ಟ ಅಂತ ಬದುಕಿದೆ. ಕೊನೆಗೆ ಉಳಿದಿದ್ದು ಕ್ರೆಡಿಟ್ ಕಾರ್ಡ್ ಸಾಲ ಮತ್ತು ರಾತ್ರಿ ಎರಡರವರೆಗೆ ಫೋನ್. ಎರಡು ವರ್ಷದ ಹಿಂದೆ ಗೆಳತಿಯೊಬ್ಬಳು ಒಂದು ಮನೆ ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದಳು. ಮೊದಮೊದಲು ನಿಜವಾಗಿಯೂ ಶಾಂತಿ ಸಿಕ್ಕಿತು. ಈಗ ಉಸಿರು ಕಟ್ಟುತ್ತಿದೆ. ಕೆಲಸ ಬದಲಿಸಲು ಮುಖಂಡರ ಅನುಮತಿ ಬೇಕು. ನಾನು ಇಷ್ಟಪಟ್ಟ ಹುಡುಗ ಬೇರೆ ಸಭೆಯವನು, ಅವನನ್ನು ಬಿಡು ಅನ್ನುತ್ತಾರೆ. ದಶಮಾಂಶ, ಅಂದರೆ ಆದಾಯದ ಹತ್ತನೇ ಭಾಗದ ಕಾಣಿಕೆ, ತಪ್ಪಬಾರದು ಅಂತ ಪರ್ಸನಲ್ ಲೋನ್ ತೆಗೆದಿದ್ದೇನೆ. ಮೂರು ತಿಂಗಳ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಅವರಿಗೆ ಹತ್ತು ವರ್ಷದಿಂದ ಬಿಪಿ, ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಕೂಟದಲ್ಲಿ, ಇದು ನಿನ್ನ ಅವಿಧೇಯತೆಯ ಫಲ ಅಂದರು. ಈಗ ರಾತ್ರಿ ಒಂದೇ ಕ್ಷಮಾಪಣೆಯ ಪ್ರಾರ್ಥನೆಯನ್ನು ಮೂವತ್ತು ನಲವತ್ತು ಸಲ ಹೇಳುತ್ತೇನೆ. ಆದರೂ ಸರಿಯಾಗಿ ಹೇಳಲಿಲ್ಲ ಅನಿಸುತ್ತದೆ. ಈ ಶನಿವಾರ ಅಪ್ಪನನ್ನು ನೋಡಲು ಹೋಗಬೇಕು ಅಂದರೆ, ರಾತ್ರಿ ಪೂರ್ತಿ ಪ್ರಾರ್ಥನೆ ಇದೆ, ತಪ್ಪಿಸಬೇಡ ಅಂದಿದ್ದಾರೆ. ದೇವರಿಗೆ ವಿಧೇಯರಾದರೆ ಬಿಡುಗಡೆ ಅಂತ ಹೇಳಿಕೊಟ್ಟರು. ನನಗೆ ಜೈಲು ಬದಲಾದ ಹಾಗಿದೆ ಅಷ್ಟೇ. ತಪ್ಪು ನನ್ನದಾ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಇವತ್ತು ರಾತ್ರಿಯೇ ನಿಮಗೆ ಬೇಕು. ಅಪ್ಪನಿಗೆ ಪಾರ್ಶ್ವವಾಯು ಆಗಿದ್ದು ನಿಮ್ಮಿಂದ ಅಲ್ಲ. ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಪಾರ್ಶ್ವವಾಯು ಆಗುತ್ತದೆ. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಹತೋಟಿಯಲ್ಲಿಲ್ಲದ ಬಿಪಿ. ಹತ್ತು ವರ್ಷದ ಬಿಪಿ, ತಪ್ಪಿದ ಮಾತ್ರೆ ಅಂತ ನೀವೇ ಬರೆದಿದ್ದೀರಿ. ಇನ್ನು ಸತ್ಯವೇದದ, ಅಂದರೆ ಬೈಬಲಿನ, ಕಡೆಯಿಂದ ನೋಡಿ. ಹುಟ್ಟು ಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದಿಂದ, ಇವನದ್ದಾ, ಇವನ ಅಪ್ಪ ಅಮ್ಮನದ್ದಾ ಅಂತ ಯೇಸುವನ್ನು ಕೇಳಿದರು. ಇಬ್ಬರದ್ದೂ ಅಲ್ಲ ಅಂದರು ಯೇಸು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಯೋಬನಿಗೂ ಗೆಳೆಯರು ಇದೇ ಮಾತು ಹೇಳಿದ್ದರು, ನಿನ್ನ ಕಷ್ಟಕ್ಕೆ ನಿನ್ನ ಪಾಪವೇ ಕಾರಣ ಅಂತ. ಕೊನೆಗೆ ದೇವರು ಸಿಟ್ಟಾಗಿದ್ದು ಆ ಗೆಳೆಯರ ಮೇಲೆ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರೋಣ. ನಾನು ಬೆಂಗಳೂರಿನ ಕನ್ನಡ ಸಭೆಗಳಲ್ಲಿ ಹತ್ತೊಂಬತ್ತು ವರ್ಷದಿಂದ ಸಭಾಪಾಲಕನ ಕೆಲಸ, ಅದರ ಜೊತೆ ಆಪ್ತಸಲಹೆ ಮಾಡಿಕೊಂಡು ಬಂದಿದ್ದೇನೆ. ನಿಮ್ಮಂಥ ಪತ್ರ ಇದೇ ಮೊದಲಲ್ಲ. ಬರೆಯುವವರೆಲ್ಲ ತಮ್ಮ ನಂಬಿಕೆಯೇ ಕಡಿಮೆಯಾಗಿದೆ ಅಂದುಕೊಂಡಿರುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ಅವರು ಯಾರ ಮಾತು ಕೇಳುತ್ತಿದ್ದಾರೆ ಅನ್ನುವುದರಲ್ಲಿ.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ‘ವಿಧೇಯತೆ’ ಪುಸ್ತಕದ ಮಾತು. ಮನೆಯಲ್ಲಿ ನಾವು ಹೇಳುವುದು ‘ಮಾತು ಕೇಳು’ ಅಂತ. ಕಿವಿಯಿಂದ ಕೇಳುವುದಕ್ಕೂ ಹೇಳಿದಂತೆ ನಡೆಯುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಹೀಬ್ರೂ ಭಾಷೆಯಲ್ಲೂ ಹಾಗೇ. ‘ಶಮಾ’ ಅಂದರೆ ಕೇಳು, ನಡೆ, ಎರಡೂ. ‘ಇಸ್ರಾಯೇಲೇ, ಕೇಳು’ ಅಂತ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ಶುರುವಾಗುವ ಮಾತಿನಲ್ಲಿ ಇರುವುದು ಅದೇ ಪದ. ಹೊಸ ಒಡಂಬಡಿಕೆಯ ಗ್ರೀಕಿನಲ್ಲೂ ವಿಧೇಯತೆಯ ಪದ ಹುಟ್ಟಿದ್ದು ‘ಕೇಳು’ ಅನ್ನುವ ಕ್ರಿಯಾಪದದಿಂದಲೇ. ಅಂದರೆ ಸತ್ಯವೇದದಲ್ಲಿ ವಿಧೇಯತೆ ಅಂದರೆ ತಲೆ ತಗ್ಗಿಸಿ ನಿಲ್ಲುವುದಲ್ಲ. ಪರಿಚಯದ ಒಂದು ಧ್ವನಿಗೆ ಕಿವಿ ಕೊಟ್ಟು, ಅದನ್ನು ನಂಬಿ ಹೆಜ್ಜೆ ಇಡುವುದು. ಕುರಿಗಳು ಕುರುಬನ ಸ್ವರ ಬಲ್ಲವು, ಅಪರಿಚಿತನ ಸ್ವರ ಕೇಳಿದರೆ ದೂರ ಓಡಿಹೋಗುತ್ತವೆ ಅಂತ ಯೇಸು ಹೇಳಿದ್ದು ಈ ಅರ್ಥದಲ್ಲೇ. ಬದುಕು ತುಂಬಿ ತುಳುಕಲಿ ಅಂತಲೇ ತಾನು ಬಂದದ್ದು ಅನ್ನುವ ಮಾತೂ ಯೋಹಾನನ ಸುವಾರ್ತೆಯ ಅದೇ 10ನೇ ಅಧ್ಯಾಯದಲ್ಲಿದೆ. ಉಸಿರು ಕಟ್ಟುತ್ತಿದೆ ಅಂತ ನಿಮಗೆ ಅನಿಸಿದ್ದು ಅವಿಧೇಯತೆ ಇರಲಿಕ್ಕಿಲ್ಲ. ನಿಮ್ಮ ಕಿವಿ ಇನ್ನೂ ಸರಿಯಾಗಿದೆ ಅನ್ನುವುದರ ಗುರುತಿರಬಹುದು.

ಆ ಧ್ವನಿಯನ್ನು ಗುರುತಿಸುವುದು ಹೇಗೆ? ನನಗೆ ಯಾವಾಗಲೂ ದಾರಿ ತೋರಿಸಿದ್ದು ವಿಮೋಚನಕಾಂಡ. ಅದರ 5ನೇ ಅಧ್ಯಾಯವನ್ನು ಐಟಿಯಲ್ಲಿರುವವರು ಒಮ್ಮೆ ಓದಬೇಕು. ಇಸ್ರಾಯೇಲ್ಯರು ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಇಟ್ಟಿಗೆ ಮಾಡುವ ದಾಸರು. ದೇವರ ಆರಾಧನೆಗೆ ಬಿಡುವು ಕೊಡಿ ಅಂತ ಕೇಳಿದರು. ಅಲ್ಲಿನ ಅರಸ ಫರೋಹ ಏನು ಮಾಡಿದ ಗೊತ್ತಾ? ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ನಿಲ್ಲಿಸಿದ. ಹುಲ್ಲು ನೀವೇ ತನ್ನಿ, ಆದರೆ ಇಟ್ಟಿಗೆಯ ಲೆಕ್ಕ ಒಂದೂ ಕಡಿಮೆಯಾಗಬಾರದು ಅಂದ. ಆಗಲ್ಲ ಅಂದವರಿಗೆ ಅವನ ಉತ್ತರ, ನೀವು ಸೋಮಾರಿಗಳು.

ಇಂಥ ಜನರನ್ನು ದೇವರು ಹೊರಗೆ ತಂದರು. ಆಮೇಲೆ, 20ನೇ ಅಧ್ಯಾಯದಲ್ಲಿ, ಹತ್ತು ಆಜ್ಞೆ ಕೊಟ್ಟರು. ಈ ಕ್ರಮವನ್ನು ದಯವಿಟ್ಟು ಗಮನಿಸಿ. ಆಜ್ಞೆ ಪಾಲಿಸಿ, ಆಮೇಲೆ ನಿಮ್ಮನ್ನು ಬಿಡಿಸುತ್ತೇನೆ ಅಂತ ದೇವರು ಐಗುಪ್ತದಲ್ಲಿ ಹೇಳಲಿಲ್ಲ. ಮೊದಲು ಬಿಡಿಸಿದರು. ಮೊದಲ ವಾಕ್ಯವೇ, ದಾಸತ್ವದಿಂದ ನಿಮ್ಮನ್ನು ಹೊರಗೆ ತಂದ ದೇವರು ನಾನು ಅಂತ. ಆಜ್ಞೆ ಬಿಡುಗಡೆಗೆ ಕೊಡುವ ಬೆಲೆಯಲ್ಲ. ಬಿಡುಗಡೆಯಾದವರು ಮತ್ತೆ ದಾಸರಾಗದಂತೆ ಕಾಯುವ ಬೇಲಿ.

ಸಬ್ಬತ್ತಿನ ಆಜ್ಞೆಯನ್ನೇ ತೆಗೆದುಕೊಳ್ಳಿ. ವಾರಕ್ಕೊಂದು ದಿನ ಕೆಲಸ ಮಾಡಬೇಡಿ. ನೀನಷ್ಟೇ ಅಲ್ಲ, ನಿನ್ನ ಆಳು, ನಿನ್ನ ಊರಿನ ಪರದೇಶಿ, ನಿನ್ನ ಎತ್ತು, ಕತ್ತೆ ಕೂಡ. ಯಾಕೆ? ಧರ್ಮೋಪದೇಶಕಾಂಡದ 5ನೇ ಅಧ್ಯಾಯ ಕಾರಣ ಕೊಡುತ್ತದೆ: ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ನೆನಪಿರಲಿ. ರಜೆಯೇ ಕಾಣದ ಜನರಿಗೆ ರಜೆಯನ್ನೇ ಆಜ್ಞೆಯಾಗಿ ಕೊಟ್ಟ ದೇವರು ಇವರು. ಇದನ್ನು ಓದುವಾಗ ನನಗೆ ಈಗಲೂ ಕಣ್ಣು ತುಂಬುತ್ತದೆ. ಭಾನುವಾರ ಲ್ಯಾಪ್‌ಟಾಪ್ ಮುಚ್ಚಿಡುವ ಧೈರ್ಯ ಇಲ್ಲದ ಎಷ್ಟೋ ಜನರನ್ನು ಈ ಊರಲ್ಲಿ ನೋಡುತ್ತೇನೆ. ಸಬ್ಬತ್ತಿನ ಆಜ್ಞೆ ಅವರ ಮೇಲೆ ಇನ್ನೊಂದು ಕೆಲಸ ಹೇರುತ್ತಿಲ್ಲ. ಇಟ್ಟಿಗೆಯ ಲೆಕ್ಕ ಸಾಕು, ಎದ್ದು ಬಾ ಅನ್ನುತ್ತದೆ.

ಹಾಗಾದರೆ ಮೊದಲ ನಾಲ್ಕು ವರ್ಷದ ಆ ‘ನನ್ನಿಷ್ಟ’ದ ಬದುಕು? ಅದನ್ನೂ ನೀವೇ ಸರಿಯಾಗಿ ತೂಗಿದ್ದೀರಿ. ಫೋನ್ ನೋಡಬೇಡ ಅಂತ ಯಾರೂ ಹೇಳುತ್ತಿರಲಿಲ್ಲ. ಆದರೆ ಇಟ್ಟು ಮಲಗೋಣ ಅನಿಸಿದಾಗ ಇಡಲು ಆಗುತ್ತಿರಲಿಲ್ಲ. ತಡೆಯುವವರಿಲ್ಲ ಅನ್ನುವುದು ಒಂದು ಥರದ ಸ್ವಾತಂತ್ರ್ಯ, ನಿಜ. ಬೇಕು ಅಂದುಕೊಂಡ ಒಳ್ಳೆಯದನ್ನು ಮಾಡುವ ಶಕ್ತಿ ಬೇರೆಯದೇ ಸ್ವಾತಂತ್ರ್ಯ. ಅಪೊಸ್ತಲ ಪೌಲ ರೋಮಾಪುರದ ಸಭೆಯವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಗೋಳಾಡುವುದು ಇದಕ್ಕೇ. ಮಾಡಬೇಕು ಅಂದುಕೊಂಡ ಒಳ್ಳೆಯದನ್ನು ಮಾಡುತ್ತಿಲ್ಲ, ಬೇಡ ಅಂದುಕೊಂಡ ಕೆಟ್ಟದ್ದನ್ನೇ ಮಾಡುತ್ತೇನೆ ಅಂತ. ಕೂಟದ ಮೊದಲ ದಿನಗಳಲ್ಲಿ ನಿಮಗೆ ಸಿಕ್ಕ ಶಾಂತಿ ಸುಳ್ಳಲ್ಲ. ಅದನ್ನು ಅನುಮಾನಿಸಬೇಡಿ. ಬಿಡುಗಡೆ ನಿಮಗೆ ಸಿಕ್ಕಿತ್ತು. ಆಮೇಲೆ ಯಾರೋ ಬಂದು ಅದರ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ತಮ್ಮ ಜೇಬಿನಲ್ಲಿ ಇಟ್ಟುಕೊಂಡರು. ಗಲಾತ್ಯದ ಸಭೆಯವರಿಗೂ ಹೀಗೇ ಆಗಿತ್ತು. ಕ್ರಿಸ್ತನು ನಮ್ಮನ್ನು ಬಿಡಿಸಿದ್ದು ಸ್ವತಂತ್ರರಾಗಿ ಇರಲಿ ಅಂತ, ಮತ್ತೆ ದಾಸತ್ವದ ನೊಗಕ್ಕೆ ಕತ್ತು ಕೊಡಬೇಡಿ ಅಂತ ಪೌಲ ಅವರಿಗೆ ಸಿಟ್ಟಿನಲ್ಲೇ ಬರೆದ.

ನಿಮ್ಮ ಮುಖಂಡರು ಎರಡು ವಚನ ಜಾಸ್ತಿ ಬಳಸಿರಬಹುದು ಅಂತ ನನ್ನ ಊಹೆ. ಇಂಥ ಕಡೆ ನಾನು ಮತ್ತೆ ಮತ್ತೆ ಕೇಳಿರುವುದು ಅವೇ. ಒಂದು, ನಿಮ್ಮ ಸಭಾನಾಯಕರ ಮಾತು ಕೇಳಿ ಅನ್ನುವ ಇಬ್ರಿಯರ 13ನೇ ಅಧ್ಯಾಯದ 17ನೇ ವಚನ. ಅಲ್ಲಿರುವ ಗ್ರೀಕ್ ಪದದ ಮೂಲ ಅರ್ಥ ಮನವೊಲಿಸುವುದು. ನಾಯಕರು ತಿಳಿಸಿ ಹೇಳಿದ್ದಕ್ಕೆ ಮನಸ್ಸು ಒಪ್ಪಿ ನಡೆಯಿರಿ ಅನ್ನುವ ಧಾಟಿ. ಅದೇ ವಚನದಲ್ಲಿ ಆ ನಾಯಕರು ದೇವರಿಗೆ ಲೆಕ್ಕ ಒಪ್ಪಿಸಬೇಕಾದವರು ಅಂತಲೂ ಇದೆ. ಆ ಅರ್ಧವನ್ನು ಯಾಕೋ ಯಾರೂ ಓದುವುದಿಲ್ಲ. ಇನ್ನೊಂದು, ಬಲಿ ಕೊಡುವುದಕ್ಕಿಂತ ಮಾತು ಕೇಳುವುದು ಮೇಲು, ಎದುರು ಬೀಳುವುದು ಮಾಟಮಂತ್ರಕ್ಕೆ ಸಮ ಅನ್ನುವ ಮಾತು. ಇದು 1 ಸಮುವೇಲ 15ರಲ್ಲಿದೆ. ಸಮುವೇಲ ಇದನ್ನು ಯಾರಿಗೆ ಹೇಳಿದ? ಅರಸ ಸೌಲನಿಗೆ. ದೇವರ ಹೆಸರು ಹೇಳಿಕೊಂಡು ತನಗೆ ಬೇಕಾದ್ದನ್ನು ಉಳಿಸಿಕೊಂಡ ಅಧಿಕಾರಸ್ಥನಿಗೆ. ಅರಸನ ಮುಖಕ್ಕೆ ಹೇಳಿದ ಮಾತನ್ನು ಪಿಜಿಯಲ್ಲಿರುವ ಹುಡುಗಿಯ ಬಾಯಿ ಮುಚ್ಚಿಸಲು ಬಳಸುವುದು ನನಗೆ ನೋವು ತರುತ್ತದೆ.

ಪೇತ್ರ ಹಿರಿಯರಿಗೆ ಬರೆದದ್ದು ಸ್ಪಷ್ಟವಾಗಿದೆ: ನಿಮ್ಮ ವಶದಲ್ಲಿರುವವರ ಮೇಲೆ ದೊರೆತನ ಮಾಡಬೇಡಿ. ಬೆರೋಯದ ಜನ ಪೌಲನ ಉಪದೇಶ ಕೇಳಿ, ಅದು ಹೌದಾ ಅಂತ ದಿನಾ ಶಾಸ್ತ್ರ ತೆರೆದು ನೋಡುತ್ತಿದ್ದರು. ಅಪೊಸ್ತಲನನ್ನೇ ಪರೀಕ್ಷೆ ಮಾಡಿದರು. ಅದಕ್ಕೆ ಸಿಕ್ಕಿದ್ದು ಹೊಗಳಿಕೆ, ಬೈಗುಳ ಅಲ್ಲ. ಮತ್ತು ಯೇಸು ಕೊನೆಯ ರಾತ್ರಿ ಶಿಷ್ಯರಿಗೆ ಹೇಳಿದ ಒಂದು ಮಾತಿದೆ. ಇನ್ನು ನಿಮ್ಮನ್ನು ದಾಸರು ಅನ್ನುವುದಿಲ್ಲ, ಯಜಮಾನ ಏನು ಮಾಡುತ್ತಾನೆ ಅನ್ನುವುದು ದಾಸನಿಗೆ ತಿಳಿಯುವುದಿಲ್ಲ. ನಿಮ್ಮನ್ನು ಸ್ನೇಹಿತರು ಅಂದಿದ್ದೇನೆ, ತಂದೆಯಿಂದ ಕೇಳಿದ್ದನ್ನೆಲ್ಲ ನಿಮಗೆ ತಿಳಿಸಿದ್ದೇನೆ. ದೇವರ ಮಗನೇ ಕಾರಣ ಬಿಡಿಸಿ ಹೇಳುತ್ತಾರೆ. ‘ಪ್ರಶ್ನೆ ಕೇಳಬೇಡ, ಸುಮ್ನೆ ವಿಧೇಯಳಾಗು’ ಅನ್ನುವವರು ನಿಮ್ಮನ್ನು ಯೇಸು ಇಟ್ಟ ಜಾಗದಿಂದ ಕೆಳಗೆ ಇಳಿಸುತ್ತಿದ್ದಾರೆ.

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಸೇವೆಯ ಆರಂಭದ ವರ್ಷಗಳಲ್ಲಿ ಒಬ್ಬ ಯುವಕನಿಗೆ, ಆ ಕೆಲಸ ನಿನಗೆ ದೇವರ ಚಿತ್ತವಲ್ಲ ಅಂದಿದ್ದೆ. ಅದು ನನ್ನ ಅಭಿಪ್ರಾಯ ಆಗಿತ್ತು ಅಷ್ಟೇ. ಅವನು ಒಳ್ಳೆಯ ಅವಕಾಶ ಬಿಟ್ಟ. ವರ್ಷಗಳ ನಂತರ ಹೋಗಿ ಕ್ಷಮೆ ಕೇಳಿದೆ. ‘ನನಗೆ ಹೀಗನಿಸುತ್ತದೆ’ ಅನ್ನುವುದಕ್ಕೂ ‘ದೇವರು ಹೀಗೆ ಹೇಳುತ್ತಾರೆ’ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಅವತ್ತು ಕಲಿತೆ. ಕೆಲಸ, ಮದುವೆಯ ವಿಷಯದಲ್ಲಿ ಹಿರಿಯರ ಸಲಹೆ ಕೇಳಿ. ಆ ಹುಡುಗನನ್ನು ಚೆನ್ನಾಗಿ ಬಲ್ಲವರು ಏನಾದರೂ ಎಚ್ಚರಿಸಿದರೆ ಅದನ್ನೂ ಕೇಳಿಸಿಕೊಳ್ಳಿ. ಆದರೆ ಸಲಹೆ ಬೇರೆ, ಅನುಮತಿ ಬೇರೆ. 29 ವರ್ಷದ ನಿಮಗೆ ಕಾನೂನಿನಲ್ಲೂ ಸತ್ಯವೇದದಲ್ಲೂ ಕೂಟದ ಮುಖಂಡರ ಅನುಮತಿ ಬೇಕಿಲ್ಲ.

ದಶಮಾಂಶದ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಹಳೆಯ ಒಡಂಬಡಿಕೆಯಲ್ಲಿ ಅದು ಬೆಳೆ ಮತ್ತು ಹಿಂಡಿನ ಹತ್ತನೇ ಒಂದು ಭಾಗ. ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಇಟ್ಟು ದೇವರ ಸೇವೆಗೆ ಮೀಸಲಾದ ಲೇವಿಯರಿಗೆ, ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ ಹಂಚಬೇಕಿತ್ತು. ಪೌಲ ಕೊರಿಂಥದವರಿಗೆ ಬರೆದದ್ದು, ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಂತೆ ಕೊಡಲಿ, ಬಲವಂತದಿಂದ ಬೇಡ ಅಂತ. ಖುಷಿಯಿಂದ ಹತ್ತನೇ ಭಾಗ ಕೊಡುವವರು ನಮ್ಮ ಸಭೆಯಲ್ಲೂ ಇದ್ದಾರೆ, ಅದು ಒಳ್ಳೆಯ ಅಭ್ಯಾಸ. ಸಾಲ ತೆಗೆದು ಕೊಡಿ ಅಂತ ಸತ್ಯವೇದ ಎಲ್ಲೂ ಹೇಳಿಲ್ಲ. ಇನ್ನೂ ಒಂದು ಇದೆ. ಮಾರ್ಕನ 7ನೇ ಅಧ್ಯಾಯದಲ್ಲಿ ಯೇಸು ಫರಿಸಾಯರು ಅನ್ನುವ ಕಟ್ಟುನಿಟ್ಟಿನ ಯೆಹೂದಿ ಪಂಗಡದವರ ಮೇಲೆ ಸಿಟ್ಟಾಗುತ್ತಾರೆ. ಅಪ್ಪ ಅಮ್ಮನಿಗೆ ಸಲ್ಲಬೇಕಾದ ಹಣವನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು ಅಂತ ಹೇಳಿ ಹೆತ್ತವರನ್ನು ಕೈಬಿಡುವ ದಾರಿ ಮಾಡಿಕೊಟ್ಟಿದ್ದಕ್ಕೆ. ದೇವರ ಆಜ್ಞೆಯನ್ನೇ ನಿಮ್ಮ ಸಂಪ್ರದಾಯದಿಂದ ರದ್ದು ಮಾಡಿದಿರಿ ಅನ್ನುತ್ತಾರೆ. ಪಾರ್ಶ್ವವಾಯು ಆದ ಮೇಲೆ ಮೊದಲ ಮೂರರಿಂದ ಆರು ತಿಂಗಳಲ್ಲಿ ಚೇತರಿಕೆ ಜಾಸ್ತಿ. ಅಪ್ಪನ ಫಿಸಿಯೋಥೆರಪಿಗೆ ಹಣ ಬೇಕಾದದ್ದು ಈಗ.

ಹಾಗಂತ ನಿಜವಾದ ವಿಧೇಯತೆ ಸುಲಭ ಅಂತ ನಾನು ಹೇಳುತ್ತಿಲ್ಲ. ವಿಧೇಯರಾದರೆ ಪ್ರಮೋಷನ್, ಮನೆ, ವೀಸಾ ಎಲ್ಲಾ ಬರುತ್ತದೆ ಅನ್ನುವುದೂ ಒಂದು ಸುಳ್ಳೇ. ಸಂತೃಪ್ತಿಯ ಗುಟ್ಟು ಕಲಿತೆ ಅಂತ ಪೌಲ ಫಿಲಿಪ್ಪಿಯವರಿಗೆ ಬರೆದದ್ದು ಸೆರೆಮನೆಯಿಂದ.

ನಮ್ಮಲ್ಲಿ ಸಲಹೆಗೆ ಬಂದ ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದಷ್ಟು. ಕೆ.ಆರ್. ಪುರದ ಕಡೆ ಒಂದು ಸೈಟು. ಅಣ್ಣ ತಮ್ಮನ ಜಗಳ. ಹನ್ನೊಂದು ವರ್ಷ ಕೇಸು. ಕಾಣಿಕೆ ಬಲಿಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅನ್ನುವ ಯೇಸುವಿನ ಮಾತು ಅವರನ್ನು ಎರಡು ವರ್ಷ ಕಾಡಿತು. ಯಾರೂ ಅವರನ್ನು ಬಲವಂತ ಮಾಡಲಿಲ್ಲ. ಒಂದು ಸಂಜೆ ಅವರೇ ಅಣ್ಣನ ಮನೆಗೆ ಹೋದರು. ಅಣ್ಣ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ. ಕೇಸು ಇನ್ನೂ ನಡೆಯುತ್ತಿದೆ. ಆದರೆ ಅವರು ನನಗೆ ಹೇಳಿದ್ದು, ಅಯ್ಯನವರೇ, ಈಗ ಬೆಳಿಗ್ಗೆ ಎದ್ದ ತಕ್ಷಣ ಅಣ್ಣನ ಮುಖ ನೆನಪಾಗಲ್ಲ ಅಂತ. ಹನ್ನೊಂದು ವರ್ಷ ದಿನದ ಮೊದಲ ಯೋಚನೆ ಆ ಅಣ್ಣನ ವಶದಲ್ಲಿತ್ತು, ಈಗ ಅದು ಈ ತಮ್ಮನ ಸ್ವಂತದ್ದು. ಇದನ್ನೇ ನಾನು ಬಿಡುಗಡೆ ಅನ್ನುವುದು. ಕ್ಷಮಿಸುವುದು ಅಂದರೆ ಹಕ್ಕು ಬಿಟ್ಟುಕೊಡುವುದೂ ಅಲ್ಲ, ಹಿಂಸೆ ಕೊಟ್ಟವರ ಮನೆಗೆ ವಾಪಸ್ ಹೋಗುವುದೂ ಅಲ್ಲ, ಅದನ್ನೂ ಸೇರಿಸಿಕೊಳ್ಳಿ.

ಮೂವತ್ತು ನಲವತ್ತು ಸಲದ ಪ್ರಾರ್ಥನೆಯ ಬಗ್ಗೆ ಬರೆದಿದ್ದೀರಿ. ಇದು ಭಕ್ತಿ ಕಡಿಮೆ ಆಗಿದ್ದಕ್ಕೂ ಅಲ್ಲ, ಜಾಸ್ತಿ ಆಗಿದ್ದಕ್ಕೂ ಅಲ್ಲ. ಚರ್ಚಿನ ಇತಿಹಾಸದಲ್ಲಿ ಇದಕ್ಕೆ ಹಳೆಯ ಹೆಸರಿದೆ. ಲ್ಯಾಟಿನ್‌ನಲ್ಲಿ ‘ಸ್ಕ್ರೂಪುಲುಸ್’, ಅಂದರೆ ಸಣ್ಣ ಚೂಪು ಕಲ್ಲು. ಚಪ್ಪಲಿಯೊಳಗೆ ಸೇರಿಕೊಂಡು ಪ್ರತಿ ಹೆಜ್ಜೆಗೂ ಚುಚ್ಚುವಂಥದ್ದು. ಮಾರ್ಟಿನ್ ಲೂಥರ್ ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿದರೂ ಸಮಾಧಾನ ಇಲ್ಲದೆ ಒದ್ದಾಡುತ್ತಿದ್ದರು. ಇಂದಿನ ವೈದ್ಯರು ಇಂಥದ್ದನ್ನು ಒಸಿಡಿಯ, ಅಂದರೆ ಬೇಡ ಅಂದರೂ ಅದೇ ಯೋಚನೆ, ಅದೇ ಕೆಲಸ ಮತ್ತೆ ಮತ್ತೆ ಬರುವ ಗೀಳು ಕಾಯಿಲೆಯ, ಒಂದು ರೂಪ ಆಗಿರಬಹುದು ಅಂತ ನೋಡುತ್ತಾರೆ. ಪತ್ರ ಓದಿ ನಾನು ಹಾಗಂತ ತೀರ್ಮಾನ ಮಾಡಲಾರೆ. ಆದರೆ ನಿದ್ದೆ ಹೋಗಿದ್ದರೆ, ನಿಲ್ಲಿಸಬೇಕು ಅಂದರೂ ನಿಲ್ಲಿಸಲು ಆಗದಿದ್ದರೆ, ನಿಮ್ಹಾನ್ಸ್‌ಗೆ ಹೋಗಿ. ಅಲ್ಲಿ ಒಸಿಡಿಗೇ ಪ್ರತ್ಯೇಕ ಕ್ಲಿನಿಕ್ ಇದೆ, ಹತೋಟಿಗೆ ತರುವ ಥೆರಪಿ ಮತ್ತು ಔಷಧಿ ಇವೆ. ರಾತ್ರಿ ತುಂಬಾ ಭಾರ ಅನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ವೈದ್ಯರ ಹತ್ತಿರ ಹೋಗುವುದು ಅಪನಂಬಿಕೆ ಅಲ್ಲ. ಸುವಾರ್ತೆ ಬರೆದ ಲೂಕ ವೈದ್ಯ.

ಇನ್ನು, ಈ ಕೂಟದ ವಿಷಯದಲ್ಲಿ ಏನು ಮಾಡಬಹುದು ಅಂತ. ಅಲ್ಲೇ ಉಳಿದು ಮುಖಂಡರ ಜೊತೆ ಮಾತಾಡುವುದು ಒಂದು ದಾರಿ. ಒಬ್ಬರೇ ಹೋಗಬೇಡಿ, ನಂಬಿಕೆಯ ಒಬ್ಬರನ್ನು ಕರೆದುಕೊಂಡು ಹೋಗಿ. ಸೌಮ್ಯವಾಗಿ ಒಂದು ಪ್ರಶ್ನೆ ಕೇಳಿ: ಈ ವಿಷಯದಲ್ಲಿ ನಾನು ನಿಮ್ಮ ಮಾತು ಒಪ್ಪದಿದ್ದರೆ ನನ್ನನ್ನು ಹೇಗೆ ನೋಡುತ್ತೀರಿ? ಉತ್ತರದಲ್ಲೇ ಎಲ್ಲಾ ತಿಳಿಯುತ್ತದೆ. ಕೆಲವರು ನಿಜವಾಗಿ ಬದಲಾಗುತ್ತಾರೆ, ನೋಡಿದ್ದೇನೆ. ಅಪಾಯ ಏನೆಂದರೆ ಮಾತು ತಿರುಗಿ ನಿಮ್ಮನ್ನೇ ತಪ್ಪಿತಸ್ಥರನ್ನಾಗಿ ಮಾಡಬಹುದು. ಎರಡನೆಯ ದಾರಿ, ಎರಡು ತಿಂಗಳು ದೂರ ಇರುವುದು. ಇದು ನನಗೆ ಹೆಚ್ಚು ಸರಿ ಅನಿಸುತ್ತದೆ. ದೂರ ಹೋದಾಗ ಉಸಿರು ಸರಾಗ ಆಗುತ್ತದಾ, ದೇವರು ಹತ್ತಿರ ಅನಿಸುತ್ತಾರಾ ಅಂತ ನೋಡಿ. ಆ ಸಮಯದಲ್ಲಿ ಒಬ್ಬಂಟಿಯಾಗಬೇಡಿ. ಕಾರ್ಪೊರೇಷನ್ ಸರ್ಕಲ್ ಹತ್ತಿರದ ಹಡ್ಸನ್ ಚರ್ಚಿನಂಥ ಕಡೆ ಕನ್ನಡದಲ್ಲೇ ಆರಾಧನೆ ಇದೆ. ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ನಿಮಗೆ ಚಿಕ್ಕಂದಿನಿಂದ ಗೊತ್ತಿರುವ ಹಾಡು ಯಾವುದಾದರೂ ಬರಬಹುದು. ಯಾವ ಸಭೆಗೇ ಸೇರಿ, ಲೆಕ್ಕಪತ್ರ ಯಾರು ನೋಡುತ್ತಾರೆ, ಸಭಾಪಾಲಕ ಯಾರಿಗೆ ಉತ್ತರ ಕೊಡಬೇಕು ಅಂತ ಕೇಳಿ. ಈ ಪ್ರಶ್ನೆ ನನ್ನನ್ನೂ ಕೇಳಬೇಕು.

ಪೂರ್ತಿ ಬಿಡುವುದೂ ಒಂದು ದಾರಿ. ಆಗ ಗೆಳತಿಯರು ದೂರ ಆಗಬಹುದು, ಹಿಂದಿನಿಂದ ಮಾತು ಬರಬಹುದು, ಅದಕ್ಕೆ ಸಿದ್ಧರಿರಿ. ಅಲ್ಲಿ ನೀವು ಹೇಳಿಕೊಂಡ ಗುಟ್ಟುಗಳನ್ನು ಬಯಲು ಮಾಡುತ್ತೇವೆ ಅಂತ ಯಾರಾದರೂ ಹೆದರಿಸಿದರೆ ಅದು ಅಪರಾಧ. ಮೆಸೇಜ್ ಉಳಿಸಿಕೊಂಡು ಪೊಲೀಸರಿಗೆ ದೂರು ಕೊಡಬಹುದು. ಯಾವ ದಾರಿ ಹಿಡಿದರೂ ಲೋನಿನಿಂದ ಕಾಣಿಕೆ ಕೊಡುವುದನ್ನು ಈ ತಿಂಗಳೇ ನಿಲ್ಲಿಸಿ. ಒಂದು ಅಪಾಯ ಮಾತ್ರ ಬೇಡ. ಇವರ ಮೇಲಿನ ಸಿಟ್ಟಿಗೆ ಹಳೆಯ ನಾಲ್ಕು ವರ್ಷದ ಬದುಕಿಗೇ ವಾಪಸ್ ಹೋಗುವುದು. ಎರಡು ಕಡೆಯೂ ಇಟ್ಟಿಗೆಯೇ ಇರುವುದು ಅಂತ ನಿಮಗೆ ಗೊತ್ತಾಗಿದೆ ಅಲ್ವಾ.

ಶನಿವಾರದ ಪ್ರಶ್ನೆ ಉಳಿಯಿತು. ಹೋಗಿ. ಬೆಳಿಗ್ಗೆಯ ರೈಲಿಗೇ ಹೋಗಿ. ಈ ವಾರ ಬರುವುದಿಲ್ಲ ಅಂತ ಒಂದು ಸಾಲಿನ ಮೆಸೇಜ್ ಸಾಕು, ಕಾರಣ ಬರೆಯಬೇಡಿ. ‘ನಿನ್ನ ತಂದೆತಾಯಿಗಳನ್ನು ಸನ್ಮಾನಿಸು’ ಅನ್ನುವುದೂ ದೇವರದ್ದೇ ಆಜ್ಞೆ, ಹತ್ತರಲ್ಲಿ ಒಂದು. ಮನೆ ತಲುಪಿದ ಮೇಲೆ ಫೋನನ್ನು ಬ್ಯಾಗಿನಲ್ಲೇ ಬಿಡಿ. ಬಿಪಿ ಮಾತ್ರೆಗಳನ್ನು ವಾರದ ಡಬ್ಬಿಯಲ್ಲಿ ದಿನಕ್ಕಿಷ್ಟು ಅಂತ ಜೋಡಿಸಿ ಕೊಡಿ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವನ್ನು ಅಪ್ಪನ ಜೊತೆ ಕೂತು ಮಾಡಿಸಿ. ರಾತ್ರಿ ಮಲಗುವ ಮುಂಚೆ ಪ್ರಾರ್ಥನೆ ಒಂದೇ ಸಲ ಮಾಡಿ, ಬೇಕಾದರೆ ಅಪ್ಪನೇ ಮಾಡಲಿ, ನೀವು ಆಮೆನ್ ಅನ್ನಿ.